ಶಹಾಬಾದಿನಲ್ಲಿ ‘ಕಾಮೆರಾಡ್‌ಶಾಫ್ಟ್’ ತೋರಿಸುವುದಾದರೆ

1906ರ ಮಾರ್ಚ್‌ನಲ್ಲಿ ಫ್ರಾನ್ಸಿನ ಕೂರಿಯೇರ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 1,099 ಮಂದಿ ಸತ್ತರು. ನೆರವಿಗೆ ಜರ್ಮನಿಯಿಂದಲೂ ಗಣಿಯವರು ಬಂದಿದ್ದರು. ನಿರ್ದೇಶಕ ಜಿ. ಡಬ್ಲ್ಯೂ. ಪಾಬ್ಸ್ಟ್ ಈ ಘಟನೆಯನ್ನು ಮೊದಲ ಮಹಾಯುದ್ಧದ ನಂತರದ ಫ್ರಾನ್ಸ್-ಜರ್ಮನಿ ಗಡಿಗೆ ತಂದು 1931ರಲ್ಲಿ ‘ಕಾಮೆರಾಡ್‌ಶಾಫ್ಟ್’ ಎಂಬ ಸಿನಿಮಾ ಮಾಡಿದ. ಸುರಂಗಗಳು ಸ್ಟುಡಿಯೋದಲ್ಲಿ ಕಟ್ಟಿದವು, ಆದರೂ ಸೆಟ್ ಅನ್ನಿಸುವುದಿಲ್ಲ. ಜರ್ಮನ್ನರು ಜರ್ಮನ್, ಫ್ರೆಂಚರು ಫ್ರೆಂಚ್ ಆಡುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಶಹಾಬಾದಿನ ಫರಸಿ (ನೆಲಕ್ಕೆ ಹಾಸುವ ಕಲ್ಲು) ಖಣಿಗಳ ನಡುವೆ, ಕನ್ನಡ, ದಖನಿ, ತೆಲುಗು ಕೇಳುತ್ತ ಬೆಳೆದವರಿಗೆ ಇದನ್ನು ತೋರಿಸಲೇಬೇಕು. ಆದರೆ ಸಬ್‌ಟೈಟಲ್ ಎರಡೂ ಭಾಷೆಯನ್ನು ಒಂದೇ ಮಾಡಿಬಿಟ್ಟರೆ ಸಿನಿಮಾ ಕೆಟ್ಟಿತು.

ಮೊದಲು ಸಿನಿಮಾದ ಪ್ರತಿ ಪೂರ್ತಿ ಇದೆಯೇ ನೋಡಿ. ಭೂಮಿಯೊಳಗಿನ ಗಡಿಯ ಕಬ್ಬಿಣದ ಜಾಲರಿಯನ್ನು ಮತ್ತೆ ಹಾಕುವ ಕೊನೆಯ ದೃಶ್ಯ ಕೆಲವು ಪ್ರತಿಗಳಲ್ಲಿ ಕತ್ತರಿಸಿ ಹೋಗಿದೆ. ಅದಿಲ್ಲದಿದ್ದರೆ ಬೇರೆ ಪ್ರತಿ ಹುಡುಕಿ.

ಸಬ್‌ಟೈಟಲ್‌ಗೆ ಏಜಿಸಬ್ ಎಂಬ ತಂತ್ರಾಂಶ ಸಾಕು. ಎರಡು ಸ್ಟೈಲ್ ಮಾಡಿ: ಫ್ರೆಂಚ್ ಮಾತಿಗೆ ಬಿಳಿ, ಜರ್ಮನ್ ಮಾತಿಗೆ ಹಳದಿ, ಎರಡಕ್ಕೂ ಕಪ್ಪು ಅಂಚು. ಬಣ್ಣವನ್ನು ಪಟ್ಟಿಯಿಂದಲೇ ಆರಿಸಿ. ಬಣ್ಣದ ಕೋಡನ್ನು ರೂಢಿಯ ಕೆಂಪು-ಹಸಿರು-ನೀಲಿ ಕ್ರಮದಲ್ಲಿ ಕೈಯಾರೆ ಬರೆದರೆ ಹಳದಿಯ ಬದಲು ತಿಳಿನೀಲಿ ಬರುತ್ತದೆ, ಏಕೆಂದರೆ ಏಜಿಸಬ್ ಫೈಲಿನಲ್ಲಿ ಕ್ರಮ ನೀಲಿ-ಹಸಿರು-ಕೆಂಪು. ನೃತ್ಯದ ಹಾಲ್‌ನಲ್ಲಿ ಫ್ರೆಂಚ್ ಹುಡುಗಿ ದಣಿದಿದ್ದಕ್ಕೆ ಕುಣಿಯಲು ಒಲ್ಲೆ ಅನ್ನುತ್ತಾಳೆ. ತಾನು ಜರ್ಮನ್ ಎಂದೇ ಹೀಗೆ ಅಂದಳು ಎಂದು ಕುಣಿಯಲು ಕರೆದ ಜರ್ಮನ್ ಗಣಿಗಾರ ತಿಳಿಯುತ್ತಾನೆ. ಎರಡು ಬಣ್ಣ ಇದ್ದರೆ ಯಾರು ಯಾವ ಭಾಷೆ ಆಡಿದರು ಎಂಬುದು ಕಣ್ಣಿಗೇ ಕಾಣುತ್ತದೆ, ಜಗಳದ ಬೇರೂ ಕಾಣುತ್ತದೆ.

ಸಾಲಿಗೆ 28 ಅಕ್ಷರ ಮೀರಬೇಡಿ, ಎರಡೇ ಸಾಲು, ಪರದೆ ಮೇಲೆ ಕನಿಷ್ಠ ಒಂದೂವರೆ ಸೆಕೆಂಡ್. ಆರಂಭದ ಸೌಂಡ್ ಸಿನಿಮಾದ ಚೌಕಟ್ಟು ಸುಮಾರು 1.19:1, ಹೆಚ್ಚು ಕಡಿಮೆ ಚೌಕ. ಉದ್ದ ಸಾಲಿಗೆ ಜಾಗವಿಲ್ಲ. ಪಠ್ಯ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಪರದೆ ಮೇಲೆ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ‘ರಾಷ್ಟ್ರ’, ‘ಸ್ತ್ರೀ’ ಎಂದು ಬರೆದು ಒತ್ತಕ್ಷರ ಒಡೆಯುತ್ತದೆಯೇ ನೋಡಿ. ಒಡೆದರೆ ಪ್ಲೇಯರ್ ಬದಲಿಸಿ, ಇಲ್ಲವೇ ಅಕ್ಷರಗಳನ್ನು ವಿಡಿಯೋ ಚಿತ್ರದಲ್ಲೇ ಅಚ್ಚೊತ್ತಿಬಿಡಿ. ಮಾತು ಒಂದು ಕಡೆ, ಅಕ್ಷರ ಒಂದು ಕಡೆ ಆಗಿ ಅಂತರ ಹೆಚ್ಚುತ್ತಲೇ ಹೋದರೆ ಬಹುಮಟ್ಟಿಗೆ ನಿಮ್ಮ ವಿಡಿಯೋ ಸೆಕೆಂಡಿಗೆ 25 ಫ್ರೇಮಿನದು, ಸಬ್‌ಟೈಟಲ್ 24ರದು ಎಂದರ್ಥ. ಒಂದು ಗಂಟೆಗೆ ಸುಮಾರು ಎರಡೂವರೆ ನಿಮಿಷ ತಪ್ಪುತ್ತದೆ. ಎಲ್ಲವನ್ನೂ ಹಿಂದೆ-ಮುಂದೆ ಸರಿಸಿದರೆ ಸರಿಹೋಗದು, ಫ್ರೇಮ್ ರೇಟನ್ನೇ ಬದಲಿಸಬೇಕು.

ಕೆಲವು ಪ್ರೊಜೆಕ್ಟರ್ ಚಿತ್ರವನ್ನು ತಾನಾಗಿಯೇ 16:9ರ ಅಗಲಕ್ಕೆ ಎಳೆಯುತ್ತದೆ, ಮುಖಗಳು ಅಗಲವಾಗುತ್ತವೆ. ಎರಡೂ ಬದಿ ಕಪ್ಪು ಪಟ್ಟಿ ಇರಲಿ. ಸುರಂಗದ ದೃಶ್ಯ ಕತ್ತಲೆಯಾಯಿತೆಂದು ಬ್ರೈಟ್‌ನೆಸ್ ಏರಿಸಬೇಡಿ, ಕಪ್ಪು ಬೂದುಬಣ್ಣವಾಗುತ್ತದೆ. ನಡುವಿನ ಛಾಯೆಗಳನ್ನು ಬೆಳಗಿಸುವ ಗಾಮಾ ಸೆಟ್ಟಿಂಗನ್ನು ಒಂದು ಹೆಜ್ಜೆ ಏರಿಸಿ, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ.

ಶಬ್ದಕ್ಕೆ ಹೆಚ್ಚು ಸಮಯ ಕೊಡಿ. ಹಿನ್ನೆಲೆ ಸಂಗೀತ ಬಹುಮಟ್ಟಿಗೆ ಇಲ್ಲ. ಸಿಕ್ಕಿಬಿದ್ದವರು ಪೈಪ್ ಬಡಿಯುವ ಸದ್ದೇ ಕಥೆ ನಡೆಸುತ್ತದೆ. ಗ್ಯಾಸ್ ಮಾಸ್ಕ್ ತೊಟ್ಟು ಬಂದವನನ್ನು ಕಂಡು ಫ್ರೆಂಚ್ ಗಣಿಗಾರನಿಗೆ ಯುದ್ಧವೇ ಮರುಕಳಿಸಿದಂತಾಗುವುದು, ಆ ಸದ್ದು ಮಷಿನ್‌ಗನ್ ಆಗಿ ಕೇಳುವುದು, ನನ್ನ ಪ್ರಕಾರ ಇಡೀ ಸಿನಿಮಾದ ಎತ್ತರ. ಫರಸಿ ನೆಲ, ಆರ್‌ಸಿಸಿ ಛಾವಣಿಯ ಹಾಲ್‌ನಲ್ಲಿ ಇದೆಲ್ಲ ಪ್ರತಿಧ್ವನಿಯಲ್ಲಿ ಕಲಸಿಹೋಗುತ್ತದೆ. ನೆಲಕ್ಕೆ ಜಮಖಾನೆ ಹಾಸಿ, ಹಿಂದಿನ ಗೋಡೆಗೂ ಎರಡು ಇಳಿಬಿಡಿ. ಸ್ಪೀಕರ್ ಪರದೆಯ ಕೆಳಗೆ ನಡುವೆ ಒಂದೇ ಇರಲಿ. ಮೂಲ ಧ್ವನಿ ಮೋನೊ, ಎಂದರೆ ಎಡ-ಬಲ ಬೇರೆಯಿಲ್ಲದ ಒಂದೇ ಧ್ವನಿ. ಟ್ರೆಬಲ್ ತುಸು ಇಳಿಸಿದರೆ ಹಿಸ್ ಸದ್ದು ತಗ್ಗುತ್ತದೆ. ಬಾಸ್ ಏರಿಸಿದರೆ ಮಾತು ಮಬ್ಬಾಗುತ್ತದೆ. ಫ್ಯಾನಿನ ಸದ್ದೂ ಶತ್ರುವೇ. ಆದ್ದರಿಂದ ಡಿಸೆಂಬರ್-ಜನವರಿ ನೋಡಿಕೊಳ್ಳಿ. ಮೇ ತಿಂಗಳ 40 ಡಿಗ್ರಿಯಲ್ಲಿ ಫ್ಯಾನ್ ಆರಿಸಿ ಎನ್ನಲಾಗದು.

ಕರೆಂಟ್ ಹೋದರೆ ಪ್ರೊಜೆಕ್ಟರ್ ದೀಪ ತಣಿಯುವ ಮೊದಲೇ ಅದರ ಒಳಗಿನ ಫ್ಯಾನ್ ನಿಂತು ದೀಪದ ಆಯುಷ್ಯ ಕಡಿಮೆಯಾಗುತ್ತದೆ. ಚಿಕ್ಕ ಯುಪಿಎಸ್ ಪ್ರೊಜೆಕ್ಟರಿಗೇ ಮೀಸಲಿಡಿ, ಸ್ಪೀಕರನ್ನು ಅದಕ್ಕೆ ಜೋಡಿಸಬೇಡಿ.