ಕೌನ್ಸಿಲ್ ಟ್ಯಾಕ್ಸ್ ತಕರಾರು: ದೂರು ಬೇಡ, ಮೇಲ್ಮನವಿ ಬರೆಯಿರಿ

ಇಂಗ್ಲೆಂಡಿನಲ್ಲಿರುವವರಿಗೆ: ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತವಾದ ಕೌನ್ಸಿಲ್ ವಿಧಿಸುವ ಮನೆ ತೆರಿಗೆ) ರಿಯಾಯಿತಿ ಅಥವಾ ಹೌಸಿಂಗ್ ಬೆನಿಫಿಟ್ (ಬಾಡಿಗೆಗೆ ಸಿಗುವ ನೆರವು) ಕುರಿತ ಕೌನ್ಸಿಲ್ ತೀರ್ಮಾನ ತಪ್ಪೆನಿಸಿದರೆ ದೂರಿನ ಫಾರ್ಮ್ ತುಂಬುವ ಬದಲು, ತೀರ್ಮಾನದ ಪತ್ರದ ದಿನಾಂಕ ಮತ್ತು ಉಲ್ಲೇಖ ಸಂಖ್ಯೆ ನಮೂದಿಸಿ ‘ಇದು ಮೇಲ್ಮನವಿ’ ಎಂದು ಮೊದಲ ಸಾಲಿನಲ್ಲೇ ಬರೆದು ಕಳಿಸಿ. ದೂರು ವಿಭಾಗ ವಿಳಂಬ, ಸಿಬ್ಬಂದಿಯ ವರ್ತನೆಯಂಥದ್ದನ್ನು ನೋಡುತ್ತದೆ. ತೀರ್ಮಾನವನ್ನೇ ಬದಲಿಸುವ ದಾರಿ ಟ್ರಿಬ್ಯೂನಲ್‌ಗೆ, ಅಂದರೆ ಸ್ವತಂತ್ರ ನ್ಯಾಯಮಂಡಳಿಗೆ, ಹೋಗುತ್ತದೆ. ಹೌಸಿಂಗ್ ಬೆನಿಫಿಟ್‌ಗೆ ಪತ್ರದ ದಿನಾಂಕದಿಂದ ಒಂದೇ ತಿಂಗಳ ಗಡುವು. ದೂರಿನ ಉತ್ತರಕ್ಕೆ ಕಾದು ಕುಳಿತರೆ ಈ ಗಡುವು ಸದ್ದಿಲ್ಲದೆ ಮುಗಿದುಹೋಗುತ್ತದೆ. ಕೌನ್ಸಿಲ್ ಟ್ಯಾಕ್ಸ್‌ನಲ್ಲಿ ಮೊದಲು ಕೌನ್ಸಿಲ್‌ಗೇ ಬರೆಯಬೇಕು. 2 ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವ್ಯಾಲ್ಯುಯೇಷನ್ ಟ್ರಿಬ್ಯೂನಲ್ ಇದೆ, ಶುಲ್ಕವೂ ಇಲ್ಲ. ತೀರ್ಪು ಬರುವವರೆಗೆ ಬಿಲ್ ಕಟ್ಟುತ್ತಲೇ ಇರಿ, ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ಮನೆಯ ಬ್ಯಾಂಡ್ (ಮನೆಯ ಮೌಲ್ಯದ ಮೇಲೆ ನಿಗದಿಯಾಗುವ ತೆರಿಗೆ ದರ್ಜೆ) ತಕರಾರಿಗೆ ಈ ದಾರಿ ನಡೆಯದು, ಏಕೆಂದರೆ ಬ್ಯಾಂಡ್ ನಿರ್ಧರಿಸುವುದು ಕೌನ್ಸಿಲ್ ಅಲ್ಲ. ಬಾಡಿಗೆಗೆಂದು ಕೌನ್ಸಿಲ್ ತನ್ನ ವಿವೇಚನೆಯ ಮೇಲೆ ಕೊಡುವ ಹೆಚ್ಚುವರಿ ನೆರವಿಗೂ ಟ್ರಿಬ್ಯೂನಲ್ ಇಲ್ಲ, ಮರುಪರಿಶೀಲನೆ ಕೇಳಬಹುದು ಅಷ್ಟೇ. ಇನ್ನು ಕೌನ್ಸಿಲ್ ನಿಮ್ಮ ಪತ್ರಗಳಿಗೆ ಉತ್ತರಿಸದೆ ಸತಾಯಿಸುತ್ತಿದ್ದರೆ ಆಗ ದೂರು ಕೊಡಿ. ಅದೂ ಬಗೆಹರಿಯದಿದ್ದರೆ ಓಂಬುಡ್ಸ್‌ಮನ್ (ಕೌನ್ಸಿಲ್ ವಿರುದ್ಧದ ದೂರುಗಳನ್ನು ಸ್ವತಂತ್ರವಾಗಿ ತನಿಖೆ ಮಾಡುವವರು) ಬಳಿ ಹೋಗಬಹುದು.