ನೌಬಾದಿನಲ್ಲಿ ಕಂಡ ಹಳೇ ಶವವಾಹನ ಕೊನೆಗೂ ಸಿಕ್ಕಿತು

ಬೀದರ್‌ನ ನೌಬಾದ್ ಹತ್ತಿರ ಒಂದೇ ಕ್ಷಣ ಕಂಡಿತ್ತು. ಹಿಂಭಾಗ ಉದ್ದ ಮಾಡಿ, ಪಕ್ಕಕ್ಕೆ ಗಾಜು ಕೂರಿಸಿದ ಕಪ್ಪು ಅಂಬಾಸಿಡರ್. ಮುಂದಿನ ಜಾಲರಿ ಚೌಕಳಿ, ಅಂದರೆ ಅಂಬಾಸಿಡರ್‌ನ ಹಳೇ ಮಾದರಿ ಮಾರ್ಕ್ 2. ಹಿಂದೂಸ್ತಾನ್ ಮೋಟರ್ಸ್ 1975ರಲ್ಲಿ ಮಾರ್ಕ್ 3 ತಂದ ಮೇಲೆ ಆ ಜಾಲರಿ ಹೋಯಿತು.

ಪೂರ್ತಿ ನಂಬರ್ ಇಲ್ಲದೆ, ಗಾಡಿಗಳ ನೋಂದಣಿ ವಿವರ ಕೊಡುವ ಎಂಪರಿವಾಹನ್ ಆ್ಯಪ್ ಏನೂ ತೋರಿಸಲ್ಲ. ಎರಡು ವಾರ ಸುಮ್ನೆ ಗ್ಯಾರೇಜು ಸುತ್ತಿದೆ. ಆಮೇಲೆ ಹೊಳೆಯಿತು: ಇಂಥ ಗಾಡಿಯ ಸುದ್ದಿ ಮೆಕ್ಯಾನಿಕ್‌ಗಿಂತ ಜಾಸ್ತಿ ಗೊತ್ತಿರೋದು ಶವಪೆಟ್ಟಿಗೆ ಮಾಡುವವರಿಗೆ ಅಲ್ವಾ?

ಮಂಗಲಪೇಟೆಯ ಬಡಗಿ ಅಜ್ಜ ಕೇಳಿದ ಕೂಡಲೇ ಹೇಳಿದರು: "ಅದರ ತಳಕ್ಕ ಸಾಗವಾನಿ ಹಲಗಿ ಹಾಕಿದಂವ ನಾನೇ ರೀ."

ಅವರೇ ಗಾಡಿ ನಿಂತಿದ್ದ ಶೆಡ್ಡಿಗೆ ಕರೆದೊಯ್ದರು. ಹಲಗೆಯಲ್ಲಿ ಪೆಟ್ಟಿಗೆ ಜಾರಿಸುವ ಮರದ ಉರುಳೆಗಳು. ಕೈಯಿಟ್ಟೆ, ಇನ್ನೂ ನುಣ್ಣಗೆ ತಿರುಗಿದವು.