ಹಳೇ ಟ್ಯಾಂಕು, ಹೊಸ ಬಣ್ಣ: ಬಳ್ಳಾರಿ ಬಿಸಿಲಲ್ಲಿ ನಾನು ಮಾಡುವ ಕ್ರಮ

ವಾರ್‌ಗೇಮಿಗೆಂದು (ಮೇಜಿನ ಮೇಲೆ ಚಿಕ್ಕ ಮಾಡೆಲ್ಲುಗಳಿಂದ ಆಡುವ ಯುದ್ಧದಾಟ) ಸೆಕೆಂಡ್‌ಹ್ಯಾಂಡ್ ಕೊಂಡ 1/72 ಅಳತೆಯ (ನಿಜದ್ದರ 72ನೇ ಒಂದು ಪಾಲು) ಮಾಡೆಲ್ ಟ್ಯಾಂಕುಗಳಲ್ಲಿ ಬಣ್ಣ ಹಚ್ಚುವುದಕ್ಕಿಂತ ಇದ್ದ ಬಣ್ಣ ತೆಗೆಯುವುದೇ ದೊಡ್ಡ ಕೆಲಸ. ಮೊದಲಿನವರು ಪದರದ ಮೇಲೆ ಪದರ ಬಳಿದು ರಿವೆಟ್ಟು, ಹ್ಯಾಚಿನ ಗೆರೆ ಎಲ್ಲ ಮುಚ್ಚಿಟ್ಟಿರುತ್ತಾರೆ. ಅದರ ಮೇಲೇ ಬಳಿದರೆ ವಾಶ್ (ಸಂದುಗಳಲ್ಲಿ ನಿಂತು ನೆರಳು ಕೊಡುವ ನೀರುನೀರಾದ ಬಣ್ಣ) ನಿಲ್ಲಲು ಸಂದೇ ಇರುವುದಿಲ್ಲ.

ಅಡಿಭಾಗವನ್ನು ಬ್ಲೇಡಿನಿಂದ ಸ್ವಲ್ಪ ಕೆರೆದು ನೋಡಿ. ಸುರುಳಿ ಎದ್ದರೆ ಪ್ಲಾಸ್ಟಿಕ್, ಪುಡಿ ಉದುರಿದರೆ ರೆಸಿನ್, ಹೊಳೆದರೆ ಲೋಹ. ರೆಸಿನ್ ಪುಡಿ ಎದೆಗೆ ಒಳ್ಳೆಯದಲ್ಲ. ನೀರಲ್ಲಿ ಅದ್ದಿಕೊಂಡೇ ಉಜ್ಜಬೇಕು. ನೇಲ್ ಪಾಲಿಶ್ ರಿಮೂವರ್ ಮಾತ್ರ ಪ್ಲಾಸ್ಟಿಕ್ಕಿನ ಹತ್ತಿರ ತರಬೇಡಿ, ಅದರಲ್ಲಿನ ಅಸಿಟೋನ್ ಮಾಡೆಲ್ಲನ್ನೇ ಕರಗಿಸುತ್ತದೆ.

ಅಕ್ರಿಲಿಕ್ ಬಣ್ಣ ತೆಗೆಯಲು ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಸಾಕು. ರಾತ್ರಿ ಮುಚ್ಚಿದ ಡಬ್ಬಿಯಲ್ಲಿ ನೆನೆಹಾಕಿ ಬೆಳಿಗ್ಗೆ ಹಳೇ ಟೂತ್‌ಬ್ರಶ್ಶಿನಿಂದ ಉಜ್ಜುತ್ತೇನೆ. ಒಲೆಯ ಹತ್ತಿರ ಬೇಡ, ಬೇಗ ಹೊತ್ತಿಕೊಳ್ಳುತ್ತದೆ. ಎನಾಮಲ್ ಇದಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಅದಕ್ಕೆ ನೀರು ಬೆರೆಸದ ಡೆಟಾಲ್, 24 ಗಂಟೆ. ಇಲ್ಲೇ ಬಹಳ ಜನ ಎಡವುವುದು: ಡೆಟಾಲಿನಿಂದ ತೆಗೆದ ಮಾಡೆಲ್ಲನ್ನು ನೇರ ನಲ್ಲಿಗೆ ಹಿಡಿದರೆ ಬಿಟ್ಟ ಬಣ್ಣ ಟಾರಿನಂತೆ ಅಂಟಿಕೊಂಡು ಮತ್ತೆ ಬಿಡುವುದಿಲ್ಲ. ಉಜ್ಜುವುದೂ ಮೊದಲ ಸಲ ಜಾಲಿಸುವುದೂ ಡೆಟಾಲಿನಲ್ಲೇ ಆಗಬೇಕು. ಬಣ್ಣ ಪೂರ್ತಿ ಹೋದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್, ನೀರು. ಕೈಗೆ ಗ್ಲೌಸ್ ಇರಲಿ.

ಬಾಗಿದ ರೆಸಿನ್ ಬ್ಯಾರೆಲ್ಲನ್ನು (ತೋಪಿನ ಕೊಳವೆ) ಬಿಸಿನೀರಲ್ಲಿ ಅರ್ಧ ನಿಮಿಷ ಇಟ್ಟು ನೇರ ಮಾಡಿ ತಕ್ಷಣ ತಣ್ಣೀರಿಗೆ ಅದ್ದಿದರೆ ಹಾಗೇ ನಿಲ್ಲುತ್ತದೆ. ತೂತು, ಸೀಳುಗಳಿಗೆ ಎಂ-ಸೀಲ್.

ಪ್ರೈಮರ್ ಸ್ಪ್ರೇ ಮಾಡುವುದಾದರೆ ಏಪ್ರಿಲ್, ಮೇನಲ್ಲಿ ಬೆಳಗಿನ ಆರೂವರೆಯೊಳಗೆ ಮುಗಿಸಬೇಕು. ಹೊತ್ತೇರಿದರೆ ಬಣ್ಣ ಗಾಳಿಯಲ್ಲೇ ಒಣಗಿ ಮಾಡೆಲ್ ಮೇಲೆ ಉಪ್ಪುಕಾಗದದಂತೆ ತರಿತರಿ ಕೂರುತ್ತದೆ. 20–25 ಸೆಂ.ಮೀ. ದೂರದಿಂದ ಚಿಕ್ಕ ಚಿಕ್ಕ ಬೀಸು. ಮುಗಿದ ಕೂಡಲೇ ಮೇಲೆ ರಟ್ಟಿನ ಡಬ್ಬ ಕವುಚಿ. ಇಲ್ಲದಿದ್ದರೆ ನಮ್ಮ ಕೆಂಪು ಧೂಳು ಒದ್ದೆ ಪ್ರೈಮರಿನಲ್ಲಿ ಸಿಕ್ಕಿಬೀಳುತ್ತದೆ.

ಬಣ್ಣ ಪ್ಯಾಲೆಟ್ಟಿನಲ್ಲೇ ಒಣಗದಂತೆ ಊಟದ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬಟರ್ ಪೇಪರ್. ಬಣ್ಣಕ್ಕೆ ಸರಿಸಮ ನೀರು ಸೇರಿಸಿ ಎರಡು ತೆಳು ಕೋಟು. ಬಟ್ಟೆಗೆ ಹಚ್ಚುವ ಬಣ್ಣ ಬೇಡ; ರಬ್ಬರಿನ ಹಾಗೆ ಮೆತ್ತಗೇ ಉಳಿದು ಡ್ರೈಬ್ರಶ್ಶಿಗೆ (ಬಹುತೇಕ ಒಣಗಿದ ಬ್ರಶ್ಶಿನಿಂದ ಉಬ್ಬುಗಳ ಮೇಲಷ್ಟೇ ಬಣ್ಣ ತೀಡುವುದು) ಒಗ್ಗುವುದಿಲ್ಲ. ವಾಶಿಗೆ ಕಡುಗಂದು ಒಂದು ಪಾಲು, ನೀರು ಎಂಟು ಪಾಲು, ಒಂದೇ ಒಂದು ಹನಿ ಪಾತ್ರೆ ಲಿಕ್ವಿಡ್. ಹೆಚ್ಚಾದರೆ ನೊರೆ.

ಮೊದಲಿನವರು ಹಾಕಿದ್ದ ಬಣ್ಣವನ್ನು ನಂಬುವ ಹಾಗಿಲ್ಲ. ಜರ್ಮನ್ ಟ್ಯಾಂಕುಗಳು ಸಾಮಾನ್ಯವಾಗಿ ಬೂದು ಬಣ್ಣದಲ್ಲೇ ಕೈಗೆ ಬರುತ್ತವೆ. 1943ರ ಫೆಬ್ರವರಿಯಿಂದ ಮೂಲಬಣ್ಣ ಮಾಸಲು ಹಳದಿ, ಹಾಗಾಗಿ ಆ ಜುಲೈನಲ್ಲಿ ರಷ್ಯಾದಲ್ಲಿ ನಡೆದ ಕುರ್ಸ್ಕ್ ಕಾಳಗಕ್ಕೆ ಹಳದಿಯೇ ಸರಿ. 1971ರ ಭಾರತ–ಪಾಕ್ ಯುದ್ಧದ ಲೋಂಗೆವಾಲಾ ಕಾಳಗ ಆಡುವವರಿಗೆ ಪಾಕಿಸ್ತಾನದ ಟೈಪ್ 59 ಬೇಕು. ಅದು ಸೋವಿಯತ್ ಟಿ-54ಎಯ ನಕಲು, ಆದ್ದರಿಂದ ಟರೆಟ್ (ತೋಪಿನ ಜೊತೆ ತಿರುಗುವ ಮೇಲ್ಭಾಗ) ಮೇಲೆ ಅಣಬೆಯಾಕಾರದ ವೆಂಟಿಲೇಟರ್ ಇರುತ್ತದೆ, ಟಿ-55ಕ್ಕೆ ಇರುವುದಿಲ್ಲ. ಕೈಯಲ್ಲಿರುವುದು ಟಿ-55 ಆದರೆ ಎಂ-ಸೀಲ್‌ನ ಒಂದು ಚೂರಿನಿಂದ ಆ ಅಣಬೆ ಮಾಡಿಕೊಳ್ಳಬಹುದು. ಮೇಜಿನ ಮೇಲೆ ಯಾರೂ ಕೇಳುವುದಿಲ್ಲ, ಆದರೂ ನನಗೆ ಬೇಕು.

ಚಕ್ರಕ್ಕೆ ಮೆತ್ತುವ ಮಣ್ಣಿಗೆ ಸಂಡೂರಿನ ಕೆಂಪು ಕೈಗೆ ಸಿಗುತ್ತದೆಂದು ಅದನ್ನೇ ಬಳಿಯಬೇಡಿ, ಲೋಂಗೆವಾಲಾ ಇರುವ ಥಾರ್ ಮರುಭೂಮಿಯ ಮರಳು ತಿಳಿ ಬಣ್ಣದ್ದು. ಕುರ್ಸ್ಕ್‌ನದು ಕಪ್ಪು ಮಣ್ಣು. ಅದಕ್ಕೆ ರಾಯಚೂರಿನ ಎರೆಮಣ್ಣು ಚೆನ್ನಾಗಿ ಹೊಂದುತ್ತದೆ. ಹಂಚಿನ ಮೇಲೆ ಹುರಿದು, ವಸ್ತ್ರಗಾಳಿತ ಮಾಡಿ, ನೀರು ಬೆರೆಸಿದ ಫೆವಿಕಾಲಿನಲ್ಲಿ ಕಲಸಿ ಚಕ್ರದ ಸಂದಿಗೆ ತುಂಬಿ. ಸೋಸದಿದ್ದರೆ 1/72ರಲ್ಲಿ ಒಂದು ಕಾಳು ಮಣ್ಣೂ ಫುಟ್‌ಬಾಲಿನಷ್ಟು ಕಾಣುತ್ತದೆ.

ಕೊನೆಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್. ಮಳೆ ಹಿಡಿದ ದಿನ ಹೊಡೆದರೆ ಬಿಳಿ ಮಂಜು ಕಟ್ಟುತ್ತದೆ. ಕಟ್ಟಿದರೆ ಕೆರೆಯಬೇಡಿ, ಒಣಹವೆಯಲ್ಲಿ ಮೇಲೊಂದು ಗ್ಲಾಸಿ (ಹೊಳಪಿನ) ವಾರ್ನಿಶ್ ಕೋಟು ಕೊಟ್ಟರೆ ಬಹುತೇಕ ಹೋಗುತ್ತದೆ, ಆಮೇಲೆ ಮತ್ತೆ ಮ್ಯಾಟ್ ಹೊಡೆಯಿರಿ.